ಕಳಕಮ್ಮನ ಬಾಯಿಗೆ ಹೊನ್ನು

ಕುಷ್ಟಗಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಪ್ರಭುರಾಜನಿಗೆ ಹಳೆಯ ನಾಣ್ಯಗಳ ಹುಚ್ಚು. ಯೂರಿಯಾ ಚೀಲಗಳ ನಡುವೆಯೇ ಅವನದೊಂದು ಭೂತಗನ್ನಡಿ, ಅಂಗೈಯಗಲದ ತಕ್ಕಡಿ. ಸುತ್ತಲಿನ ಊರುಗಳಲ್ಲಿ ಯಾರಿಗೆ ಹಳೆಯ ನಾಣ್ಯ ಸಿಕ್ಕರೂ ಅವನ ಹತ್ತಿರ ಬರುತ್ತಿತ್ತು. ನೂರಕ್ಕೆ ತೊಂಬತ್ತು ಖೋಟಾ. ಅಚ್ಚಿನಲ್ಲಿ ಎರಕ ಹೊಯ್ದು, ತಿಪ್ಪೆಯಲ್ಲಿ ಹುಗಿದು ಹಳತು ಮಾಡಿದ ಸರಕು. ಅದನ್ನವನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ. ಒಂದು ದೀಪಾವಳಿಗೆ ಮಾವನ ಮನೆಯ ದೇವರ ಜಗಲಿಯಿಂದ ಲಕ್ಷ್ಮಿಯ ನಾಣ್ಯವನ್ನೇ ಎತ್ತಿ ನೋಡಿ "ಖೋಟಾ" ಅಂದುಬಿಟ್ಟ. ಹೆಂಡತಿ ಸುರೇಖಾ ಎರಡು ತಿಂಗಳು ಮಾತು ಬಿಟ್ಟಳು. ಆದರೂ ಈ ಮಹರಾಯ ಬಗ್ಗಲಿಲ್ಲ. ಬೇರೆ ಯಾವುದರಲ್ಲಾದರೂ ಇರಲಿ, ನಾಣ್ಯದ ವಿಷಯದಲ್ಲಿ ತಾನು ಸುಳ್ಳು ಆಡಿಲ್ಲ ಎಂಬುದೇ ಅವನಿಗೆ ದೊಡ್ಡ ಜಂಬ.

ಅಂಥವನನ್ನು ತಳಕಲ್ಲಿನ ಕರಿಬಸಪ್ಪ ಒಂದು ದಿನ ಬೈಕಿನ ಮೇಲೆ ಕೂಡಿಸಿಕೊಂಡು ಹೊರಟ. ದಾರಿಯಲ್ಲೇ ಸಂಗತಿ ಬಿಚ್ಚಿದ.

"ನಮ್ಮವ್ವಗ ತೊಂಬತ್ತು ದಾಟ್ಯಾವ್ರಿ. ಒಂದು ಬಂಗಾರದ ನಾಣ್ಯ ಇಟ್ಕೊಂಡಾಳ. ಸತ್ತ ಮ್ಯಾಲ ಅದನ್ನ ಬಾಯಾಗ ಹಾಕಿ ಹುಗೀರಿ ಅಂತ ಹಟ ಹಿಡದಾಳ."

"ಸತ್ತವರ ಬಾಯಿಗೆ ಬಂಗಾರ ಇಡೋದು ಪದ್ಧತಿ ಐತಲ್ಲೋ?"

"ಗುಂಜಿಯಷ್ಟು ಚೂರು ಇಡ್ತಾರ್ರಿ. ಇಡೀ ನಾಣ್ಯ ಯಾರು ಹುಗೀತಾರ? ನೀವು ನೋಡಿ ಹೇಳ್ರಿ. ಖರೇ ಇದ್ರ ಮಾರಿ ಮೂರೂ ಮಂದಿ ಅಣ್ತಮ್ಮರು ಹಂಚ್ಕೋತೀವಿ. ಖೋಟಾ ಇದ್ರ ಆಕಿ ಹೇಳ್ದಂಗ ಆಗ್ಲಿ."

ಮುದುಕಿ ಕಳಕಮ್ಮ ಹೊರಸಿನ ಮೇಲೆ ಕಾಲು ನೀಡಿ ಕೂತಿದ್ದಳು. ಮಗ, ಸೊಸೆಯಂದಿರನ್ನೆಲ್ಲ ಗದರಿಸಿ ಹೊರಗೆ ಅಟ್ಟಿ, ಸೆರಗಿನ ಗಂಟು ಬಿಚ್ಚಿ ನಾಣ್ಯವನ್ನು ಪ್ರಭುರಾಜನ ಅಂಗೈಗೆ ಹಾಕಿದಳು.

ಪ್ರಭುರಾಜ ಗಾಜು ಹಿಡಿದ. ಗಂಡಭೇರುಂಡ, ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳು. ಹಿಂದೆ ಮೂರು ಸಾಲು ನಾಗರಿ ಅಕ್ಷರ. ಅಂಚಿನಲ್ಲಿ ಎರಕದ ಗೆರೆಯಿಲ್ಲ, ಮೈಮೇಲೆ ಗುಳ್ಳೆಯ ತೂತಿಲ್ಲ, ಅಕ್ಷರ ಸುತ್ತಿಗೆಯ ಏಟಿಗೆ ಎದ್ದು ನಿಂತಿದೆ. ತೂಗಿದ: ಒಂದು ಪಾಯಿಂಟ್ ಏಳು ಗ್ರಾಂ. ವಿಜಯನಗರದ ಅಚ್ಯುತರಾಯನ ಅರ್ಧ ವರಹ! ಮ್ಯೂಸಿಯಮ್ಮಿನ ಗಾಜಿನಾಚೆ ಕಂಡದ್ದು ಬಿಟ್ಟರೆ ಇದನ್ನವನು ಮುಟ್ಟಿದ್ದೇ ಇಲ್ಲ.

"ಎರಡು ತಲಿ ಕೋಳಿ ಹೆಂಗೈತೋ ತಮ್ಮಾ?" ಎಂದಳು ಕಳಕಮ್ಮ.

"ಯವ್ವಾ, ಖರೇ ಐತಿ! ಅಪ್ಪಟ ಖರೇ!"

"ಮೆಲ್ಲಕ ಒದರು. ನನಗ ಗೊತ್ತೈತಿ. ಹೊರಗ ಹೋಗಿ ಖೋಟಾ ಅನ್ನು."

"ನಾಣ್ಯದಾಗ ನಾ ಸುಳ್ಳು ಹೇಳಂಗಿಲ್ಲ ಯವ್ವಾ."

"ಅಬಬಬಾ, ಹರಿಶ್ಚಂದ್ರ! ಗೊಬ್ಬರಾ ಮಾರಾಂವ ಹೌದಿಲ್ಲೋ ನೀನು?" ಎಂದು ಬೊಚ್ಚು ಬಾಯಿ ತೆರೆದು ನಕ್ಕಳು. ಆಮೇಲೆ ನಗು ನಿಂತಿತು. "ಲಗ್ನಾದ ವರ್ಷ ನನ್ನ ಗಂಡ ಕೊಟ್ಟಿದ್ದು, ತನ್ನವ್ವಗೂ ಕಾಣಲಾರ್ದಂಗ. ಹೊಲಾ ಹಂಚಿ ಕೊಟ್ಟೆ. ಕೈಯಾಗಿನ ಪಾಟ್ಲಿ ಬಿಲವಾರ ಸೊಸ್ತ್ಯಾರು ಹಾಕ್ಕೊಂಡಾರ. ಹಲ್ಲು ಸುದ್ದಾ ಉಳದಿಲ್ಲ. ನಂದು ಅಂತ ಇದೊಂದ ಐತಿ, ತಮ್ಮಾ."

ಪ್ರಭುರಾಜ ನಾಣ್ಯವನ್ನು ಅವಳ ಸೆರಗಿಗೇ ಹಾಕಿದ. ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, "ಖೋಟಾ. ಹಿತ್ತಾಳಿಗೆ ಬಂಗಾರದ ನೀರು ಕುಡಿಸ್ಯಾರ" ಅಂದ. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ಮಾವನ ಲಕ್ಷ್ಮಿಗೇ ಇಲ್ಲದ ಮರ್ಯಾದೆಯನ್ನು ಈ ಮುದುಕಿ ಎರಡು ಮಾತಿನಲ್ಲಿ ಗಿಟ್ಟಿಸಿಕೊಂಡಿದ್ದಳು.

ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಕಳಕಮ್ಮ ತೀರಿಕೊಂಡಳೆಂಬ ಸುದ್ದಿ ಬಂತು. ಪ್ರಭುರಾಜ ಮಣ್ಣು ಕೊಡಲು ತಳಕಲ್ಲಿಗೆ ಹೋದ. ನೋಡುತ್ತಾನೆ, ಕರಿಬಸಪ್ಪ ತಾಯಿಯ ಬಾಯಿಗೆ ಇಡುತ್ತಿರುವುದು ಹೊಚ್ಚ ಹೊಸ ಬಂಗಾರದ ಚೂರು!

"ಏ, ಆಕಿ ನಾಣ್ಯ ಎಲ್ಲೋ?"

"ಹೆತ್ತವ್ವಗ ಹಿತ್ತಾಳಿ ಇಟ್ಟು ಕಳಸ್ಲೇನ್ರಿ?" ಕರಿಬಸಪ್ಪ ಅಳುತ್ತಲೇ ಅಂದ. "ಮುಂಜಾನೆ ಎದ್ದು ಸರಾಫನ ಮನಿ ಬಾಗಲಾ ಬಡದು ತಂದೀನ್ರಿ. ಅಪ್ಪಟ ಬಂಗಾರ."

ಎಂಥ ಒಳ್ಳೆಯ ಮಗ, ಅವನ ಒಳ್ಳೆಯತನಕ್ಕೆ ಬೆಂಕಿ ಬೀಳಲಿ! ನಿಜ ಹೇಳಿದರೆ ನಾಣ್ಯ ಸಂಜೆಯೊಳಗೆ ಮೂರು ಪಾಲು. ಹೇಳದಿದ್ದರೆ ಮುದುಕಿ ಬರಿಗೈಲಿ ಹೋಗುತ್ತಾಳೆ.

"ಆ ಖೋಟಾ ನನಗ ಕೊಡ್ರಿ, ನೆನಪಿಗಿರ್ಲಿ" ಎಂದ ಮೆಲ್ಲಗೆ. ಹಿರಿಯ ಸೊಸೆ ರೇಣುಕಮ್ಮ ಒಳಗೆ ಹೋಗಿ, ಗುಂಡಿ, ಪಿನ್ನು ಹಾಕಿಡುವ ಡಬ್ಬಿಯಿಂದ ತಡಕಾಡಿ ತಂದು, "ಒಯ್ರಿ" ಎಂದು ಅವನ ಕೈಗೆ ಹಾಕಿದಳು.

ಮುಷ್ಟಿಯಲ್ಲಿ ಅರ್ಧ ವರಹ. ಹುಗಿಯುವ ಕುಣಿಯ ತನಕ ಅವನು ನಡೆದದ್ದು ಹೇಗೋ ಅವನಿಗೇ ಗೊತ್ತಿಲ್ಲ. ಕೊಟ್ಟವರೇ ಕೊಟ್ಟಿದ್ದಾರೆ, ಕೇಳುವ ನರಪಿಳ್ಳೆಯಿಲ್ಲ. ಇಟ್ಟುಕೊಂಡುಬಿಡು ಎಂದು ಮೂವತ್ತು ವರ್ಷದ ಹುಚ್ಚು ಕಿವಿಯಲ್ಲಿ ಒದರಿತು. ಇಟ್ಟುಕೊಳ್ಳಬೇಕೆಂದೇ ಅವನಿಗೂ ಅನಿಸಿತು, ಸುಳ್ಳೇಕೆ? ಮಣ್ಣು ಕೊಡುವ ಸರದಿ ಅವನದಾಯಿತು. ಬಗ್ಗಿ, ನಾಣ್ಯವಿದ್ದ ಮುಷ್ಟಿಯ ತುಂಬ ಮಣ್ಣು ತೆಗೆದುಕೊಂಡ. ಕುಣಿಯ ಅಂಚಿನಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಹೊತ್ತು ಹಾಗೇ ನಿಂತ. ಆಮೇಲೆ ಕಣ್ಣು ಮುಚ್ಚಿ ಮುಷ್ಟಿ ಬಿಟ್ಟ.

ಬಿಟ್ಟವನೇ ಅಲ್ಲಿಯೇ ಕುಕ್ಕರಿಸಿ, ಹೋ ಎಂದು ದನಿ ತೆಗೆದು ಅಳತೊಡಗಿದ.

"ಸಮಾಧಾನ ಮಾಡ್ಕೋರಿ ಸರ, ತುಂಬಿದ ಜೀವ, ಹೋಗ್ಯಾಳ" ಎಂದು ಕರಿಬಸಪ್ಪ ಅವನ ಬೆನ್ನು ಸವರಿದ. "ಯಾರ ಮನೀ ಮಗನೋ, ನೋಡ್ರೆವ್ವಾ, ಹೆಂಗ ಅಳ್ತಾನ" ಎಂದರು ನೆರೆದ ಹೆಂಗಸರು. ಸೊಸೆಯಂದಿರು ನಾಚಿಕೊಂಡು, ಸೆರಗು ಬಾಯಿಗಿಟ್ಟು, ತಾವೂ ಇನ್ನೊಮ್ಮೆ ಮೊದಲಿನಿಂದ ಶುರು ಮಾಡಿದರು.