ಮೊಣಕಾಲು ಅವನದು, ನೋವು ಇವಳದು

೧

ಎಲ್ಲಿಂದ ಶುರು ಮಾಡಲಿ? ಆಸ್ಪತ್ರೆಯ ಬಾಗಿಲಿನಿಂದ ಎಂದರೆ ಮೇವಿಸ್ ಒಪ್ಪುವುದಿಲ್ಲ. ಟ್ಯಾಂಕ್ ರಿಪೇರಿಯಿಂದ ಎಂದರೆ ನೀವು ಯುದ್ಧದ ಕಥೆ ಅಂದುಕೊಂಡು ಕಾಲು ಚಾಚಿ ಕೂರುತ್ತೀರಿ. ನಿಜ ಹೇಳಬೇಕೆಂದರೆ ಈ ಕಥೆ ಒಮ್ಮೆ ಶುರುವಾಗಿ ಕೆಟ್ಟಿದೆ. ಮೊದಲ ಕರಡಿನ ಮೊದಲ ವಾಕ್ಯದಲ್ಲೇ ಮೇವಿಸ್ ಹಾಲ್ವರ್ಸನ್‌ಳ ಹಳೆಯ ಹೆಸರನ್ನು ಬರೆದುಬಿಟ್ಟೆ. ಅಪ್ಪ ಅಮ್ಮ ಇಟ್ಟದ್ದು, ಸೇನೆ ಇಪ್ಪತ್ತೆರಡು ವರ್ಷ ಕೂಗಿದ್ದು. ಓದುಗರಿಗೆ ಹಿನ್ನೆಲೆ ಬೇಡವೇ ಎಂಬುದು ನನ್ನ ಜಾಣತನ.

(ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು.)

ಆಮೇಲೆ ಅಳಿಸಿದೆ. ಅಷ್ಟರಲ್ಲಿ ತಡವಾಗಿತ್ತು. ಕರೆದರೆ ಎದ್ದು ಬರುವುದು ಸೈನಿಕರ ಅಭ್ಯಾಸ.

೨

ಅಮೆರಿಕದ ಮಾಂಟಾನಾ ರಾಜ್ಯದ ಈ ಮೂಲೆಯ ಮಾಜಿ ಸೈನಿಕರನ್ನು ವ್ಯಾನಿನಲ್ಲಿ ಕೂರಿಸಿಕೊಂಡು, ಎರಡೂವರೆ ಗಂಟೆ ದೂರದ ಅವರ ಆಸ್ಪತ್ರೆಗೆ ಕರೆದೊಯ್ಯುವುದು ಹದಿನಾಲ್ಕು ವರ್ಷದಿಂದ ನನ್ನ ಸ್ವಯಂಸೇವೆ. ಮೇವಿಸ್‌ಗೆ ಯಾವಾಗಲೂ ಮುಂದಿನ ಸೀಟು, ಏಕೆಂದರೆ ಬಲಗಾಲು ಮಡಚಲು ಬರುವುದಿಲ್ಲ. ರಿಪೇರಿಗೆಂದು ಸೇನೆಯ ಟ್ಯಾಂಕನ್ನು ಎತ್ತಿ ನಿಲ್ಲಿಸಿದ್ದ ಜ್ಯಾಕ್ ಜಾರಿದ ದಿನದಿಂದ ಹಾಗೆ.

ಅವಳಿಗೀಗ ಅರವತ್ತೊಂದು. ಐವತ್ತು ವರ್ಷ ನುಂಗಿಕೊಂಡಿದ್ದ ಮಾತನ್ನು ಎರಡು ವರ್ಷದ ಹಿಂದೆ ವೈದ್ಯರ ಮುಂದೆ ಹೇಳಿದಳು: ನಾನು ಹೆಂಗಸು, ಹೆಂಗಸಾಗಿ ಬದುಕಲು ಹಾರ್ಮೋನ್ ಚಿಕಿತ್ಸೆ ಕೊಡಿ. ಕೋರ್ಟು ಅವಳ ಹೆಸರು ಬದಲಿಸಿತು. ಆಸ್ಪತ್ರೆಯ ಕಂಪ್ಯೂಟರ್ ಬದಲಿಸಲಿಲ್ಲ. ಹೊಸ ಹೆಸರಿಗೆ ಸೇನೆಯ ದಾಖಲೆ ಇಲ್ಲ. ದಾಖಲೆ ಇರುವ ಹೆಸರು ಗಂಡಸಿನದು.

"ಮೊಣಕಾಲು ಅವನದಂತೆ, ನೋವು ಮಾತ್ರ ನಂದು," ಎಂದು ವ್ಯಾನಿನಲ್ಲಿ ನಗುತ್ತಿದ್ದಳು. ಆಗಿನ್ನೂ ನಗು ಬರುತ್ತಿತ್ತು.

೩

ಕಾಯುವ ಕೋಣೆಯಲ್ಲಿ ಕೂಗುವುದಕ್ಕೆ ಒಂದು ಪದ್ಧತಿಯಿದೆ. ಮೊದಲು ಹೆಸರು, ಬೆನ್ನಿಗೆ ಗುರುತಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಹಾರ್ಮೋನ್ ಚಿಕಿತ್ಸೆಯ ಮೊದಲ ಅಪಾಯಿಂಟ್‌ಮೆಂಟಿನ ದಿನ ಕೌಂಟರಿನ ಟ್ವೈಲಾ ಹಳೆಯ ಹೆಸರು ಕೂಗಿದಳು. ಅಂಕಿಗಳು ಮೇವಿಸ್‌ಳವೇ. ಸರಿಯಾದ ಹೆಸರು ಹಿಡಿದು ಕರೆಯಲಿ, ಆಗ ಏಳುತ್ತೇನೆ ಎಂದು ಹಟ ಹಿಡಿದು ಕುಳಿತಳು.

"ಹಾಜರ್, ಮೇಡಂ!"

ದನಿ ಹಿಂದಿನ ಸಾಲಿನದು. ಒಂದು ಕಾಲು ಎಳೆಯುವ ಬೂಟಿನ ಸದ್ದು ಪಕ್ಕದಲ್ಲೇ ಹಾದುಹೋಯಿತು. ಒಳಬಾಗಿಲು ಮುಚ್ಚಿತು.

ಪಕ್ಕದ ಕುರ್ಚಿಯ ಡೆಲ್ಮರ್, ಮರೀನ್ ಪಡೆಯ ಹಳೇ ಸೈನಿಕ, ಕಾಫಿ ಲೋಟ ಕೆಳಗಿಳಿಸಿದ. "ಏ ಆರ್ಮಿ, ಅವನ್ಯಾರು ನಿನ್ನ ತಮ್ಮನಾ? ಥೇಟ್ ನಿನ್ನ ಹಾಗೇ ಕುಂಟ್ತಾನಲ್ಲ!"

"ನಂಗೆ ತಮ್ಮ ಇಲ್ಲ ಕಣೋ."

"ಹಂಗಾದ್ರೆ ನಿನ್ನ ಹಳೇ ಆರ್ಮಿ ಕೋಟು ಯಾಕೆ ಹಾಕ್ಕೊಂಡಿದಾನೆ?"

ಆ ಕೋಟನ್ನು ಮೇವಿಸ್ ಮೂರು ವರ್ಷದ ಹಿಂದೆ ಹಿತ್ತಲಲ್ಲಿ ಸುಟ್ಟಿದ್ದಳು. ಎದ್ದು ಕೌಂಟರಿಗೆ ಹೋದಳು.

"ರೋಗಿ ಆಗ್ಲೇ ಒಳಗೆ ಹೋದ್ರಲ್ಲ," ಎಂದಳು ಟ್ವೈಲಾ. "ನೀವು ಅವ್ರ ಹೆಂಡ್ತಿನಾ?"

ದಾಖಲೆಯಲ್ಲಿ ಹೀಗೆ ಬರೆದಿತ್ತು: ರೋಗಿ ಬಂದಿದ್ದರು, ಮೊಣಕಾಲು ನೋವು ಇದೆ, ಹಾರ್ಮೋನ್ ಬೇಡ ಎಂದರು. ಎರಡನೆಯ ಸಲವೂ ಅದೇ ಸಾಲು.

೪

ಇವತ್ತು ಮೂರನೆಯ ಸಲ. ಇವತ್ತೂ 'ಬೇಡ' ಎಂದು ದಾಖಲಾದರೆ ಕಡತ ಮುಚ್ಚುತ್ತದೆ. ಮತ್ತೆ ಸಾಲಿನ ತುದಿಗೆ ಹೋಗಿ ಎರಡು ವರ್ಷ ಕಾಯಬೇಕು.

"ಆ ಹೆಸರು ಬರೆದು ಅವನನ್ನ ಕರೆದಿದ್ದು ನೀನು," ಎಂದಳು ಮೇವಿಸ್, ವ್ಯಾನಿನಲ್ಲಿ ನನ್ನ ಕಡೆ ತಿರುಗದೆ.

"ಅಳಿಸಿದೆನಲ್ಲ."

"ಅಳಿಸಿದ್ರೆ ಹೋಗ್ತಾರಾ? ನನ್ನನ್ನ ನಾನೇ ಐವತ್ತು ವರ್ಷ ಅಳಿಸಿದೀನಿ. ಹೋದೆನಾ?"

ನನಗೆ ನಾಚಿಕೆಯಾಯಿತು. ಸರಿ, ಆಸ್ಪತ್ರೆ ತಲುಪಿದ ಮೇಲೆ ಕೂತು ಒಳ್ಳೆಯ ಮುಕ್ತಾಯವೊಂದನ್ನು ಬರೆದುಕೊಡುತ್ತೇನೆ ಎಂದೆ.

೫

ಮುಕ್ತಾಯ ಒಂದು. ಹಳೆಯ ಹೆಸರಿಗೆ ಮೇವಿಸ್ ತಾನೇ "ಹಾಜರ್" ಎಂದು ಎದ್ದು ಒಳಗೆ ಹೋಗುತ್ತಾಳೆ. ವೈದ್ಯರು ಔಷಧಿ ಬರೆಯುತ್ತಾರೆ. ಸುಖಾಂತ. ಆದರೆ ವಾಪಸು ಬರುವಾಗ ಮುಂದಿನ ಸೀಟಿನಿಂದ ಸುಟ್ಟ ಬಟ್ಟೆಯ ವಾಸನೆ ಬರುತ್ತದೆ. ಆ ಕಡೆ ನೋಡಲು ನನಗೆ ಧೈರ್ಯವಿಲ್ಲ.

(ಮೇವಿಸ್ ಹಾಳೆ ಹರಿದಳು. "ಔಷಧಿ ಅವನ ಕೈಗೆ ಕೊಟ್ಟೆಯಲ್ಲೋ ಪುಣ್ಯಾತ್ಮ!")

ಮುಕ್ತಾಯ ಎರಡು. ಡೆಲ್ಮರ್ ತನ್ನ ವಾಕರ್ ಅಡ್ಡ ಇಡುತ್ತಾನೆ. ಆ ಮನುಷ್ಯ ಮುಗ್ಗರಿಸಿ ಬಿದ್ದು ಹೊಗೆಯಾಗಿ...

"ಬೇಡ," ಎಂದಳು ಮೇವಿಸ್. "ಇಪ್ಪತ್ತೆರಡು ವರ್ಷ ನನ್ನನ್ನ ಒಳಗಿಟ್ಕೊಂಡು ಹೊತ್ತಿದಾನೆ. ಅವ್ನಿಗೊಂದು ಕುರ್ಚಿ ಕೊಡು, ಕೂತ್ಕೊಳ್ಲಿ. ನನ್ನ ಬಾಗಿಲಿಗೆ ಬರೋದು ಬೇಡ, ಅಷ್ಟೇ."

೬

ಈಗ ಮಧ್ಯಾಹ್ನ ಎರಡೂ ಹತ್ತು. ಮೇವಿಸ್ ಕೌಂಟರಿನ ಮೇಲೆ ಕೋರ್ಟಿನ ಕಾಗದ ಇಟ್ಟಿದ್ದಾಳೆ.

"ಇವತ್ತೊಂದು ದಿನ ಈ ಹೆಸರು ಕೂಗಮ್ಮ."

ಟ್ವೈಲಾ ಕಾಗದ ಓದಿದಳು, ಪರದೆ ನೋಡಿದಳು. "ಇಲ್ಲೇನಿದೆಯೋ ಅದನ್ನೇ ನಾನು ಓದ್ಬೇಕು ಮೇಡಂ. ಕೆಲ್ಸ ಹೋಗುತ್ತೆ." ಆಮೇಲೆ ದನಿ ತಗ್ಗಿಸಿದಳು. "ಆದ್ರೆ ನನಗಿಂತ ಮುಂಚೆ ಬೇರೆ ಯಾರಾದ್ರೂ ಕೂಗಿದ್ರೆ ನಾನೇನ್ ಮಾಡ್ಲಿ? ಮೊದ್ಲು ಎದ್ದು ಬಂದೋರಿಗೆ ಬಾಗ್ಲು ತೆಗೀತೀನಿ."

ಮೇವಿಸ್ ತಿರುಗಿ ಬಂದು ಕುಳಿತಳು. ಇವತ್ತು ಅವನು ಹಿಂದಿನ ಸಾಲಿನಲ್ಲಿಲ್ಲ. ಪಕ್ಕದ ಕುರ್ಚಿಯಲ್ಲೇ ಇದ್ದಾನೆ, ಮೂವತ್ತರ ಪ್ರಾಯದವನು, ಕೋಟಿನ ಅಂಚು ಕರಕಲು. ಮುಂದಕ್ಕೇ ನೋಡುತ್ತಿದ್ದಾನೆ. ಬಲ ಮೊಣಕಾಲು ನೀವಿಕೊಳ್ಳುತ್ತಿದ್ದಾನೆ. ಮೇವಿಸ್‌ಳ ಕೈಯೂ ಅಲ್ಲೇ ಇದೆ.

"ನೋಯ್ತಿದೆಯಾ?" ಎಂದು ಕೇಳಿದಳು.

"ಹೂಂ."

"ನಂಗೂ."

ಟ್ವೈಲಾ ಎದ್ದು ನಿಂತಳು.

೭

ನಾನು ಇಲ್ಲಿಗೇ ನಿಲ್ಲಿಸಿದ್ದೇನೆ. ಇವತ್ತು ಬೆಳಿಗ್ಗೆ ಫೈಲು ತೆರೆದು ನೋಡಿದರೆ, ಮೊದಲ ಕರಡಿನಲ್ಲಿ ಹೆಸರು ಅಳಿಸಿದ್ದ ಖಾಲಿ ಜಾಗದಲ್ಲಿ ಒಂದು ಪದ ಇತ್ತು. ಹಾಜರ್. ಅದನ್ನು ನಾನು ಟೈಪ್ ಮಾಡಿಲ್ಲ.

ಮುಂದಿನ ವಾಕ್ಯ ಬರೆಯಲು ನನಗೆ ಭಯ. ಆ ಹಳೆಯ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಕೂತಿದೆ, ಬಾಯಿ ತೆರೆದರೆ ಯಾವುದು ಬೀಳುತ್ತದೋ ಗೊತ್ತಿಲ್ಲ. ಡೆಲ್ಮರ್‌ಗೆ ಅವಳು ಬರೀ ಆರ್ಮಿ. ಟ್ವೈಲಾ ಪರದೆ ಬಿಟ್ಟು ಓದುವಂತಿಲ್ಲ.

ಉಳಿದವರು ನೀವು. ಆ ಹಳೆಯ ಹೆಸರನ್ನು ನಾನು ನಿಮಗೆ ಹೇಳಿಲ್ಲ, ಬೇಕಾದರೆ ಹಿಂದೆ ಹೋಗಿ ಹುಡುಕಿ. ನಿಮಗೆ ಗೊತ್ತಿರುವುದು ಒಂದೇ ಹೆಸರು. ಟ್ವೈಲಾ ಉಸಿರೆಳೆದುಕೊಂಡಿದ್ದಾಳೆ. ಟ್ಯಾಂಕಿನ ಸದ್ದಿಗೆ ಮೇವಿಸ್‌ಳ ಎಡಗಿವಿ ಹೋಗಿದೆ, ಬಲಗಡೆಯಿಂದ ಸ್ವಲ್ಪ ಜೋರಾಗಿ ಕೂಗಿ.