ಮೈದಾನದಲ್ಲಿ ಆಡದ ಮಾತು

ಮರಳವಾಡಿಯ ಹುಡುಗಿಯರ ಫುಟ್‌ಬಾಲ್ ತಂಡ ಒಂದು ಮಾತನ್ನು ಆಡುತ್ತಿರಲಿಲ್ಲ. ಆಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಅದು ತಾನಾಗಿ ನಿಂತುಹೋಗಿತ್ತು.

ಮೊದಲು ಸಂಜೆಯಾದರೆ ಶಾಲೆಯ ಹಿಂದಿನ ಬಯಲಲ್ಲಿ ಕೇಳುತ್ತಿದ್ದುದೇ ಆ ಮಾತು. ಅಶ್ವಥ್ ಮೇಷ್ಟ್ರು ಚೆಂಡನ್ನು ಎತ್ತರಕ್ಕೆ ಒದ್ದು, ಅದು ಇಳಿಯುವಾಗ ಕೆಳಗಿದ್ದ ಹುಡುಗಿಗೆ, "ಸಾಯ್ಸು! ಸಾಯ್ಸು ಅದನ್ನ!" ಎಂದು ಕೂಗುತ್ತಿದ್ದರು. ಚೆಂಡನ್ನು ಸಾಯಿಸುವುದು ಎಂದರೆ ಅದರ ರಭಸವನ್ನೆಲ್ಲ ಪಾದ ನುಂಗಿಕೊಂಡು, ಪುಟಿಯಲು ಬಿಡದೆ ಕಾಲ ಬುಡದಲ್ಲೇ ನಿಲ್ಲಿಸಿಕೊಳ್ಳುವುದು. ಆಡುವವರೆಲ್ಲರ ಬಾಯಲ್ಲೂ ಇರುವ ಮಾತು ಅದು. ಅದರಲ್ಲಿ ವಿಶೇಷವೇನೂ ಇಲ್ಲ.

ಹೋದ ವರ್ಷ ಹಾರೋಹಳ್ಳಿ ತಿರುವಿನಲ್ಲಿ ಟಿಪ್ಪರ್ ಲಾರಿಯೊಂದು ಅಶ್ವಥನ ಬೈಕಿಗೆ ಗುದ್ದಿತು. ತಿಥಿ ಕಳೆದು ಕೆಲವು ವಾರಗಳಾದ ಮೇಲೆ ಅವನ ಹೆಂಡತಿ ಲತಾಮಣಿ ಆ ಬಯಲಿಗೆ ಬಂದು ನಿಂತಳು. ಅವಳೂ ಅವನ ಜೊತೆಯಲ್ಲೇ ಮೈಸೂರಿನಲ್ಲಿ ದೈಹಿಕ ಶಿಕ್ಷಣ ಓದಿದವಳು. ಖಾಲಿಯಾದ ಜಾಗಕ್ಕೆ ಶಾಲೆಯವರು ಅವಳನ್ನೇ ಕರೆದಿದ್ದರು.

ಅವತ್ತು ಅಸ್ರಾ ಒದ್ದ ಚೆಂಡು ವರಲಕ್ಷ್ಮಿಯ ಮಂಡಿಗೆ ಬಡಿದು ಎತ್ತಲೋ ಹಾರಿತು.

"ಸಾಯ್ಸಮ್ಮಿ ಅದನ್ನ, ಕೈಲಾಗದೋಳೆ!" ಎಂದು ಅಸ್ರಾ ಕೂಗಿದಳು. ಕೂಗಿದವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಬಯಲಲ್ಲಿದ್ದ ಅಷ್ಟೂ ಕತ್ತುಗಳು ಲತಾಮಣಿಯ ಕಡೆ ತಿರುಗಿದವು. ಲತಾಮಣಿ ನೆಲ ನೋಡಿದಳು.

ವರಲಕ್ಷ್ಮಿ ಓಡಿಹೋಗಿ ಚೆಂಡು ತಂದಳು. ಏನೂ ಆಗೇ ಇಲ್ಲವೆಂಬಂತೆ, ಬೇಕೆಂದೇ ದನಿ ಎತ್ತಿ, "ಎಸಿ ಅಸ್ರಾ, ಈ ಸಲ ಮಲಗುಸ್ತೀನಿ" ಎಂದಳು.

ಮಲಗಿಸುವುದು ಅವಳ ಮನೆಯ ಮಾತು. ಅವಳ ಅಪ್ಪ ಮುತ್ತುರಾಜುವಿಗೆ ಕುರಿಮಂದೆ ಇತ್ತು. ಕುರಿ ಈಯುವಾಗ ಮರಿಯನ್ನು ಮಡಿಲಿಗೆ ಇಳಿಸಿಕೊಂಡು, ಒರೆಸಿ, ಬುಟ್ಟಿಯ ಕೆಳಗೆ ಮಲಗಿಸುವುದು ಹುಡುಗಿಯ ಕೆಲಸ. ಮುಂದಿನ ಚೆಂಡನ್ನು ಅವಳ ಕಾಲು ಹಾಗೆಯೇ ಇಳಿಸಿಕೊಂಡಿತು. ಮೇಲಿಂದ ಬರುತ್ತಿದ್ದುದನ್ನು ಪಾದ ಎದುರುಗೊಂಡು, ಮುಟ್ಟಿದ ಗಳಿಗೆಯಲ್ಲೇ ಅದರ ಜೊತೆ ತಾನೂ ಕೆಳಗಿಳಿದು, ಸದ್ದಿಲ್ಲದೆ ನೆಲಕ್ಕೆ ಮುಟ್ಟಿಸಿತು.

ಅಂದಿನಿಂದ ಎಲ್ಲರಿಗೂ ಅದೇ ಮಾತಾಯಿತು. ಮಲಗ್ಸು. ಲತಾಮಣಿಯೂ ಹಾಗೆಯೇ ಕೂಗತೊಡಗಿದಳು.

ಅವಳು ಹೆಚ್ಚು ಮಾತಾಡುವವಳಲ್ಲ. ಈಗಂತೂ ಹೇಳಬೇಕಾದ್ದನ್ನೂ ಅರ್ಧಕ್ಕೆ ಬಿಡುತ್ತಿದ್ದಳು. "ಕಾಯ್ಕೊಂಡು ನಿಲ್ಬೇಡ, ಚೆಂಡಿಗೆ ಎದುರು ಹೋಗು. ಬರೋಕೆ ಮುಂಚೆ ಒಂದ್ಸಲ ಹಿಂದೆ ನೋಡ್ಕೋ. ಕಾಲು ಬಿಗಿ ಹಿಡೀಬೇಡ." ಸಂಜೆಯೆಲ್ಲ ಇಷ್ಟೇ. ಆಟದ ಮಿಕ್ಕ ವಿದ್ಯೆಗಳನ್ನು ಹೇಳಿಕೊಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಬರುವುದನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದೊಂದನ್ನೇ ಮತ್ತೆ ಮತ್ತೆ ಮಾಡಿಸುತ್ತಿದ್ದಳು. ಬೇರೆ ಹುಡುಗಿಯರಿಗೆ ಬೇಸರ ಬರುತ್ತಿತ್ತು. ವರಲಕ್ಷ್ಮಿಗೆ ಬರುತ್ತಿರಲಿಲ್ಲ.

ಆಗಾಗ ಯಾರದಾದರೂ ಬಾಯಿಂದ ಹಳೆಯ ಮಾತು ಜಾರುವುದೂ ಇತ್ತು. ಜಾರಿದಾಗಲೆಲ್ಲ ಎಲ್ಲರ ಕತ್ತೂ ಒಟ್ಟಿಗೆ ಮಿಸ್ ಕಡೆ ತಿರುಗುತ್ತಿತ್ತು. ಲತಾಮಣಿಗೆ ಅದು ಗೊತ್ತಿತ್ತು. 'ಅನ್ನಿ, ಏನೂ ಆಗಲ್ಲ' ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅಶ್ವಥ ಹೋದ ಮೇಲೆ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬಂದವು, ಶಾಲೆಯ ಗಂಟೆ ಹೊಡೆಯಿತು, ಅತ್ತೆ ಮನೆಯವರು ಅವನ ಬಟ್ಟೆಗಳನ್ನು ಯಾರಿಗೋ ಕೊಟ್ಟರು. ಅವನಿಗಾಗಿ ಏನನ್ನಾದರೂ ಬಿಟ್ಟವರು ಈ ಹುಡುಗಿಯರು ಮಾತ್ರ.

ಕ್ರೀಡಾ ಹಾಸ್ಟೆಲ್ಲಿಗೆ ರಾಮನಗರದಲ್ಲಿ ಆಯ್ಕೆ ಎಂದು ತಿಳಿದಾಗ ಲತಾಮಣಿ ವರಲಕ್ಷ್ಮಿಯ ಮನೆಗೆ ಹೋದಳು. ಅಜ್ಜಿ ತಿಮ್ಮಮ್ಮ ಜಗಲಿಯ ಮೇಲೆ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು.

"ಒದಿಯಾದ ಕಲಿಯಕ್ಕೆ ರಾಮನಗರಕ್ಯಾಕವ್ವ ಹೋಗ್ಬೇಕು? ನಮ್ ಟಗರ ಮುಂದೆ ನಿಲ್ಲುಸಿದ್ರೆ ಅದೇ ಕಲಿಸ್ತದೆ" ಎಂದಳು.

"ಒದಿಯಾದಲ್ಲ ಕಣಜ್ಜಿ, ಹಿಡಿಯಾದು. ಕಾಲಲ್ಲಿ" ಎಂದಳು ವರಲಕ್ಷ್ಮಿ ಒಳಗಿಂದ.

"ಕಾಲಲ್ಲಿ ಹಿಡಿಯಂಗಿದ್ರೆ ಆ ಶಿವ ಕೈ ಯಾಕಮ್ಮಿ ಕೊಟ್ಟ?"

ಮುತ್ತುರಾಜು ನಗಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ. "ನೋಡಿ ಮಿಸ್ಸೋರೆ, ಹಾಸ್ಟ್ಲು ಸಿಕ್ರೆ ನಾನು ಅಡ್ಡ ಬರಾಕಿಲ್ಲ. ಊಟ, ಓದು, ಎಲ್ಲ ಅವ್ರೇ ನೋಡ್ಕತಾರೆ. ಸಿಕ್ನಿಲ್ಲ ಅಂದ್ರೆ ಈ ಎಂಟ್ನೇ ಕ್ಲಾಸ್ಗೆ ಸಾಕು. ಇವಳ ಅಣ್ಣ ಬಿಡದಿ ಫ್ಯಾಕ್ಟ್ರಿ ಸೇರ್ಕಬುಟ್ಟ. ನಂಗೆ ಮಂಡಿ ಹಿಡ್ಕತದೆ. ಕುರಿ ಹಿಂದೆ ಹೋಗಕ್ಕೆ ಇನ್ಯಾರವ್ರೆ, ನೀವೇ ಹೇಳಿ."

"ಸಿಗುತ್ತೆ" ಎಂದಳು ಲತಾಮಣಿ. ಎಷ್ಟೋ ತಿಂಗಳ ಮೇಲೆ ಅವಳು ಖಚಿತವಾಗಿ ಆಡಿದ ಮಾತು ಅದೊಂದೇ.

ರಾಮನಗರದ ಮೈದಾನದಲ್ಲಿ ನಾಲ್ಕು ತಾಲ್ಲೂಕಿನ ಹುಡುಗಿಯರು ಸೇರಿದ್ದರು. ಮಾಗಡಿಯವರು ಹೊಸ ಜರ್ಸಿ ಹಾಕಿಕೊಂಡು ಬಂದಿದ್ದರು. ಆಯ್ಕೆ ಮಾಡುವವರು ನಿಯಾಜ್ ಎಂಬ ನರೆಗಡ್ಡದ ಕೋಚ್. ಕೋಲಾರದ ಕಡೆಯಿಂದ ಹೊಸದಾಗಿ ಬಂದವರು. ಅಶ್ವಥನನ್ನಾಗಲಿ ಲತಾಮಣಿಯನ್ನಾಗಲಿ ಅವರು ಕಂಡವರಲ್ಲ.

ಅವರ ಪರೀಕ್ಷೆ ಸರಳವಾಗಿತ್ತು. ಹುಡುಗಿಯನ್ನು ನಡುವೆ ನಿಲ್ಲಿಸಿ ಚೆಂಡು ಕಳಿಸುವುದು. ಚೆಂಡು ದಾರಿಯಲ್ಲಿರುವಾಗಲೇ ಏನು ಮಾಡಬೇಕೆಂದು ಕೂಗುವುದು. ತಿರುಗು ಎಂದರೆ ತೆಗೆದುಕೊಳ್ಳುತ್ತಲೇ ತಿರುಗಬೇಕು. ಬಿಡು ಎಂದರೆ ಮುಟ್ಟದೆ ಹಿಂದಿನವಳಿಗೆ ಬಿಟ್ಟುಕೊಡಬೇಕು.

ವರಲಕ್ಷ್ಮಿಯ ಸರದಿ ಬಂತು. "ತಿರುಗು!" ಎಂದರು ನಿಯಾಜ್. ಅವಳು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿ, ಚೆಂಡಿಗೆ ಎದುರು ಹೋಗಿ, ಒಂದೇ ಸಲ ಮುಟ್ಟಿ ಅದನ್ನು ತನ್ನ ಜೊತೆ ತಿರುಗಿಸಿಕೊಂಡಳು. "ಬಿಡು!" ಎಂದರು. ಕಾಲು ಚಾಚಿದಂತೆ ಮಾಡಿ ಬಿಟ್ಟಳು. ನಿಯಾಜ್ ಪಕ್ಕದವರ ಕಡೆ ನೋಡಿ ಹುಬ್ಬೇರಿಸಿದರು. ಗೆರೆಯಾಚೆ ನಿಂತಿದ್ದ ಲತಾಮಣಿ ಒಂದು ಹೆಜ್ಜೆ ಮುಂದೆ ಬಂದಳು.

ಆಮೇಲೆ ಅವರು ಚೆಂಡನ್ನು ಎತ್ತರಕ್ಕೆ ಒದ್ದರು. ಅದು ಇಳಿಯತೊಡಗಿದಾಗ ಕೂಗಿದರು.

"ಸಾಯ್ಸು!"

ವರಲಕ್ಷ್ಮಿಯ ಕತ್ತು ಲತಾಮಣಿಯ ಕಡೆ ತಿರುಗಿತು.

ಚೆಂಡು ಅವಳ ಮೊಣಕಾಲಿನ ಕೆಳಗೆ ಬಡಿದು ದೂರ ಉರುಳಿತು. ಮಾಗಡಿಯ ಹುಡುಗಿಯರು ಕಿಸಕ್ಕೆಂದರು.

"ಏನಮ್ಮಾ, ಚೆಂಡು ಅಲ್ಲಿದ್ರೆ ಎಲ್ಲಿ ನೋಡ್ತೀಯಾ? ಇನ್ನೊಂದ್ ಕೊಡ್ತೀನಿ. ಹ್ಞಾ, ಸಾಯ್ಸು!"

ಈ ಸಲ ಅವಳು ತಡೆದುಕೊಳ್ಳಲು ನೋಡಿದ್ದು ಕಾಣುತ್ತಿತ್ತು. ಆದರೆ ಒಂದು ವರ್ಷದಿಂದ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಆ ಕತ್ತು ಕಲಿತದ್ದು ಒಂದೇ ವಿದ್ಯೆ. ಕಾಲಿಗಿಂತ ಮೊದಲು ಅದು ತಿರುಗಿತು. ಮಿಸ್‌ಗೆ ನೋವಾಯಿತೇ? ಆ ಕಣ್ಣು ಕೇಳುತ್ತಿದ್ದುದು ಅಷ್ಟೇ. ಚೆಂಡು ಪಾದದ ತುದಿಗೆ ತಾಗಿ ಗೆರೆಯಾಚೆ ಹೋಯಿತು.

ಮೂರನೆಯದೂ ಹಾಗೆಯೇ ಆಯಿತು. ನಿಯಾಜ್ ಕೈ ಬೀಸಿ ಮುಂದಿನವಳನ್ನು ಕರೆದರು.

ಹೆಸರುಗಳನ್ನು ಓದಿದಾಗ ವರಲಕ್ಷ್ಮಿಯ ಹೆಸರು ಬರಲಿಲ್ಲ. ಲತಾಮಣಿ ಅವಳ ಕೈ ಹಿಡಿದುಕೊಂಡು ನಿಯಾಜ್ ಹತ್ತಿರ ಹೋದಳು.

"ಸರ್, ಇವಳನ್ನ ಇನ್ನೊಂದು ಸಲ ನೋಡಿ."

"ಮೇಡಂ, ನಂಗೂ ಬೇಜಾರೇ. ಹುಡುಗಿ ಕಾಲು ಬಹುತ್ ಅಚ್ಛಾ ಇದೆ. ಇಷ್ಟು ಮೆತ್ತಗೆ ಚೆಂಡು ತಗೊಳ್ಳೋರನ್ನ ಈ ವಯಸ್ಸಲ್ಲಿ ನಾನು ನೋಡಿಲ್ಲ. ಆದ್ರೆ ಸಾಯ್ಸು ಅಂದ್ರೆ ಎಲ್ಲೋ ನೋಡ್ತಾಳಲ್ಲ? ಒಂದ್ಸಲ ಆದ್ರೆ ಬಿಡಬಹುದು. ಮೂರು ಸಲಾನೂ ಹಂಗೇ ಆಯ್ತು."

"ನಮ್ಮಲ್ಲಿ ಅದಕ್ಕೆ ಮಲಗ್ಸು ಅಂತೀವಿ ಸರ್."

ನಿಯಾಜ್ ನಕ್ಕರು. "ಮಲಗ್ಸು? ತೊಟ್ಟಿಲಲ್ಲಾ? ಯಾವ ಊರ ಮಾತು ಮೇಡಂ ಅದು? ಯಾಕೆ ಹಂಗಂತೀರಾ?" ಅವರಲ್ಲಿ ಕೇಡೇನೂ ಇರಲಿಲ್ಲ. ನಗು ನಿಲ್ಲಿಸಿ, ನಿಜವಾಗಿಯೂ ತಿಳಿಯಬೇಕೆಂಬಂತೆ ನೋಡಿದರು. "ಕಾರಣ ಹೇಳಿ. ಸರಿ ಅನ್ನಿಸಿದ್ರೆ ಈಗ್ಲೇ ಇನ್ನೊಂದು ಚಾನ್ಸ್ ಕೊಡ್ತೀನಿ. ಲಿಸ್ಟ್ ಇನ್ನೂ ನನ್ನ ಕೈಲೇ ಇದೆ."

ಕಾರಣ ಬಹಳ ಚಿಕ್ಕದು. ನನ್ನ ಗಂಡ ಸತ್ತುಹೋದರು, ಅದಕ್ಕೆ ಮಕ್ಕಳು ನನ್ನ ಮುಂದೆ ಆ ಮಾತು ಆಡುವುದಿಲ್ಲ. ಇಷ್ಟು ಹೇಳಿದರೆ ಆಗುತ್ತಿತ್ತು. ಲತಾಮಣಿ ಬಾಯಿ ತೆರೆದಳು. 'ನನ್ನ' ಎಂದಳು. ಮುಂದಿನದು ಬರಲಿಲ್ಲ. ಈ ಒಂದು ವರ್ಷದಲ್ಲಿ ತಾನೂ ಸತ್ತರು ಎಂಬ ಮಾತನ್ನು ಒಮ್ಮೆಯೂ ಆಡಿಲ್ಲವೆಂದು ಅವಳಿಗೆ ಆಗ ಗೊತ್ತಾಯಿತು. ಎಲ್ಲರೂ ಹೋದರು ಎಂದಿದ್ದರು, ತೀರಿಕೊಂಡರು ಎಂದಿದ್ದರು. ಅವಳು ಅದನ್ನೂ ಅನ್ನದೆ ಸುಮ್ಮನೆ ತಲೆಯಾಡಿಸಿದ್ದಳು. ಈಗ ಆ ಯಾವ ಮಾತೂ ನಾಲಿಗೆಗೆ ಸಿಗಲಿಲ್ಲ. ವರಲಕ್ಷ್ಮಿ ತಲೆಯೆತ್ತಿ ಅವಳ ಮುಖ ನೋಡಿದಳು.

"ನಂಗೆ ಕಿವಿ ಒಸಿ ಮಂದ ಸಾ" ಎಂದಳು. "ಮಿಸ್ಗೆ ಗೊತ್ತಿಲ್ಲ. ದೂರದಿಂದ ಕೂಗುದ್ರೆ ಕೆಲವು ಕೇಳ್ಸಾಕಿಲ್ಲ. ಅದ್ಕೇ ಮಿಸ್ ಮಕ ನೋಡ್ತೀನಿ."

ನಿಯಾಜ್ ಮುಖ ಮೆತ್ತಗಾಯಿತು. "ಅಯ್ಯೋ ಅಲ್ಲಾ. ಹಂಗಾ ವಿಷ್ಯ?" ಲತಾಮಣಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಮೇಡಂ, ಹಾಸ್ಟೆಲ್‌ಗೆ ಸೇರೋವಾಗ ಡಾಕ್ಟರ್ ಎಲ್ಲಾ ನೋಡ್ತಾರೆ. ಇದು ಆಗಲ್ಲ. ಆಸೆ ಹುಟ್ಟಿಸಬೇಡಿ ಮಗೂಗೆ." ಆಮೇಲೆ ಬಗ್ಗಿ, ಹುಡುಗಿಯ ಕಿವಿಯ ಹತ್ತಿರ ಬಾಯಿಟ್ಟು, ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು. "ಡಾಕ್ಟರಿಗೆ ತೋರ್ಸಮ್ಮಾ! ತೋರ್ಸು!"

"ಹೂಂ ಸಾ" ಎಂದಳು ವರಲಕ್ಷ್ಮಿ, ಅಷ್ಟೇ ಗಟ್ಟಿಯಾಗಿ.

ಇಲ್ಲ ಸರ್, ಇವಳ ಕಿವಿ ಚೆನ್ನಾಗಿದೆ ಎನ್ನಬಹುದಿತ್ತು. ಅಂದರೆ ಮತ್ತೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ಲತಾಮಣಿ ನಿಂತೇ ಇದ್ದಳು. ನಿಯಾಜ್ ಅವಳ ಮೌನವನ್ನು ಒಪ್ಪಿಗೆ ಎಂದುಕೊಂಡು, ಕೈಮುಗಿದು, ಆಯ್ಕೆಯಾದವರ ಕಡೆ ನಡೆದರು.

ಅವರು ಕನಕಪುರದ ಬಸ್ಸು ಹತ್ತಿದರು. ಹುಡುಗಿ ಕಿಟಕಿಯ ಪಕ್ಕ ಕೂತು, ಕಾಲ ಮೇಲೆದ್ದ ಊತವನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿಕೊಳ್ಳುತ್ತಿದ್ದಳು. "ಯಾಕೆ ಹಾಗೆ ಹೇಳಿದೆ ವರಾ?" ಎಂದಳು ಲತಾಮಣಿ.

"ನಿಮ್ಗೆ ಹೇಳಕ್ಕೆ ಆಯ್ತಿರ್ನಿಲ್ವಲ್ಲ ಮಿಸ್."

ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಮರಳವಾಡಿಯಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಮುತ್ತುರಾಜು ರಸ್ತೆ ಬದಿಯಲ್ಲಿ ಕುರಿಗಳನ್ನು ತರುಬಿಕೊಂಡು ಕಾಯುತ್ತಿದ್ದ. ಇಬ್ಬರ ಮುಖ ನೋಡುತ್ತಲೇ ಅವನಿಗೆ ತಿಳಿಯಿತು.

"ಎಲ್ರೂ ನನ್ಗಿಂತ ಚೆಂದಾಗಿ ಆಡುದ್ರು ಕಣಪ್ಪ" ಎಂದಳು ವರಲಕ್ಷ್ಮಿ.

"ಇಲ್ಲ" ಎಂದಳು ಲತಾಮಣಿ. "ಹಾಗಲ್ಲ ಮುತ್ತುರಾಜಪ್ಪ. ಅವಳದೇನೂ ತಪ್ಪಿಲ್ಲ. ನಾನು..."

ಅವನು ಕೈಯೆತ್ತಿ ತಡೆದ. "ಬುಡಿ ಮಿಸ್ಸೋರೆ. ನೀವ್ಯಾಕೆ ಅದ್ಕೆ ಬೇಜಾರ್ ಮಾಡ್ಕತೀರಾ? ನಿಮ್ಗೆ ಬಂದಿರೋದೇ ಸಾಲ್ದಾ?"

ಅವಳು ಹೇಳಬೇಕಾಗಿದ್ದುದೆಲ್ಲ ಅಲ್ಲಿಗೆ ಮುಗಿಯಿತು. ಈ ಊರಿನಲ್ಲಿ ಅವಳಿಗೆ ತಪ್ಪು ಮಾಡಲೂ ಯಾರೂ ಬಿಡುತ್ತಿರಲಿಲ್ಲ.

ವರಲಕ್ಷ್ಮಿ ಮೈಲಿಗಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚಿದಳು. ಬೂಟು ಶಾಲೆಯದು. ಎರಡನ್ನೂ ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ, ಲೇಸುಗಳನ್ನು ಜೋಡಿಸಿ ಗಂಟು ಹಾಕಿ ಕೊಟ್ಟಳು.

"ಅಸ್ರಾಗೆ ಸರ್ಯಾಯ್ತದೆ ಮಿಸ್. ಅವ್ಳದು ಕಿತ್ತೋಗದೆ" ಎಂದಳು.

ಬರಿಗಾಲಲ್ಲಿ ಅಪ್ಪನ ಕೈಯ ಕೋಲು ಇಸಿದುಕೊಂಡು ಮಂದೆಯ ಹಿಂದೆ ಹೋದಳು. ಹಿಂದುಳಿದ ಮರಿಯೊಂದನ್ನು ಪಾದದ ಒಳಬದಿಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಲತಾಮಣಿ ರಸ್ತೆಯಲ್ಲಿ ಬೂಟು ಹಿಡಿದು ನಿಂತಿದ್ದಳು. ಅಳು ಬಂದೀತೆಂದು ಕಾದಳು. ಬರಲಿಲ್ಲ.