ಮೂರನೆಯ ಸಾಲಿನ ಕುರ್ಚಿ

ವಿಜಯ್‌ಕುಮಾರನಿಗೆ ನಡೆದುಕೊಳ್ಳಲು ಒಂದು ಮಠವಿರಲಿಲ್ಲ.

“ಹಾಗಂದ್ರೆ ಹೇಗ್ರೀ? ಎಲ್ರಿಗೂ ಒಂದು ಇರುತ್ತೆ,” ಎಂದರು ವೆಂಕಟಸುಬ್ಬಯ್ಯ. ಮೂರು ದಿನದಿಂದ ಅವರು ಇದನ್ನೇ ಬೇರೆ ಬೇರೆ ಬಾಗಿಲಿನಿಂದ ಕೇಳುತ್ತಿದ್ದರು. ಊರು ಯಾವುದು, ಮನೆದೇವರು ಯಾವುದು, ಮದುವೆ ಯಾವ ಛತ್ರದಲ್ಲಾಯಿತು.

“ನಮ್ಮ ತಂದೆ ಅದೆಲ್ಲ ಇಟ್ಕೊಂಡಿಲ್ಲ ಸರ್.”

“ಒಳ್ಳೇದು, ಒಳ್ಳೇದು.” ವೆಂಕಟಸುಬ್ಬಯ್ಯ ತಮ್ಮ ಕಾಫಿ ಲೋಟವನ್ನು ಸ್ವಲ್ಪ ತಮ್ಮತ್ತ ಎಳೆದುಕೊಂಡರು. ಎಳೆದುಕೊಂಡರೋ, ತನಗೆ ಹಾಗೆ ಕಂಡಿತೋ, ವಿಜಯ್‌ಕುಮಾರನಿಗೆ ತಿಳಿಯಲಿಲ್ಲ. ಇಂಥದನ್ನು ನೋಡುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು.

ಚುನಾವಣೆ ಕೆಲಸಕ್ಕೆ ಬಂದು ಆ ಕೋಣೆಯಲ್ಲಿ ಕೂತವರು ಮೂವರು. ಅಭ್ಯರ್ಥಿಗಳ ಭಾಷಣದ ವಿಡಿಯೋ ನೋಡಿ ನಮೂನೆ ತುಂಬಬೇಕು. ಐದನೆಯ ಕಲಂ: ಧರ್ಮ, ಜನಾಂಗ, ಜಾತಿಯ ಹೆಸರಿನಲ್ಲಿ ಮತ ಕೇಳಿದ್ದಾರೆಯೇ? ಹೌದು ಎಂದರೆ ಆ ತುಣುಕು ಅಧಿಕಾರಿಗಳ ಸಂಜೆಯ ಸಭೆಯ ಪರದೆಗೆ ಹೋಗುತ್ತದೆ, ಅಲ್ಲಿಂದ ಟಿವಿಗೆ. ಇಲ್ಲ ಎಂದರೆ ಕ್ಯಾಮೆರಾದ ಕಾರ್ಡ್ ಅಳಿಸಿ ಮರುದಿನಕ್ಕೆ ಬಳಸುತ್ತಾರೆ. ರಾಜ್ಯಶಾಸ್ತ್ರ ಕಲಿಸುವ ವಿಜಯ್‌ಕುಮಾರನ ಹೆಸರನ್ನು ಪ್ರಿನ್ಸಿಪಾಲರೇ ಬರೆದು ಕಳಿಸಿದ್ದರು. ಅವನಿಗೆ ಅಭಿಪ್ರಾಯಗಳಿಲ್ಲ ಎಂಬುದು ಕಾಲೇಜಿನಲ್ಲಿ ಪ್ರಸಿದ್ಧವಾಗಿತ್ತು.

“ಇವರು ಹೇಗೆ ಸರ್?” ಮೂರನೆಯವನಾದ ವಾಗೀಶ ಪರದೆಯ ಮೇಲಿನ ಅಭ್ಯರ್ಥಿಯತ್ತ ಬಗ್ಗಿ ಕೇಳಿದ.

“ಮಠಕ್ಕೆ ನಡ್ಕೊಳ್ಳೋ ಮನುಷ್ಯ. ಸಂಭಾವಿತರು. ನೋಡೋದೇ ಬೇಕಾಗಿಲ್ಲ,” ಎಂದರು ವೆಂಕಟಸುಬ್ಬಯ್ಯ.

ವಿಜಯ್‌ಕುಮಾರ್ ನೋಡಿದ. ಹಿಂದಿನ ದಿನ ಸಂಜೆ, ಇಲವಾಲ. ಸ್ವಾಮಿಗಳ ಪಾದ ಮುಟ್ಟಿ ಬಂದ ಅಭ್ಯರ್ಥಿ ಎದುರಾಳಿಯ ವಿಷಯಕ್ಕೆ ಬಂದ.

“ಅವನ ಜಾತಿ ನಾ ಹೇಳಕ್ಕಿಲ್ಲ. ಯಾವ ಜನ ಅಂತ ಮೈಬಣ್ಣನೇ ಹೇಳ್ತದೆ. ಅಂಥೋರು ನಮ್ಮ ತಾತನ ಜಗಲಿ ಕೆಳಗೆ ನಿಂತ್ಕತಿದ್ರು. ಈಗ ವಿಧಾನಸೌಧದ ಮೆಟ್ಲು ಬೇಕಂತೆ.”

ಕ್ಯಾಮೆರಾ ಜನರ ಕಡೆ ತಿರುಗಿತು. ಎಲ್ಲರೂ ನಗುತ್ತಿದ್ದರು. ಮೂರನೆಯ ಸಾಲಿನ ಕುರ್ಚಿಯಲ್ಲಿ ವಿಜಯ್‌ಕುಮಾರನ ಅಪ್ಪ ದೇವಯ್ಯ ಕೂತಿದ್ದ.

ಅಂಥೋರು ಎಂದರೆ ಯಾರೆಂದು ಇಲವಾಲದಲ್ಲಿ ಎಲ್ಲರಿಗೂ ಗೊತ್ತು. ಜಗಲಿ ಕೆಳಗೆ ನಿಂತಿದ್ದವನ ಮಗ ದೇವಯ್ಯನಿಗೂ.

ಅಪ್ಪ ತಕ್ಷಣ ನಗಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ಬಾಯಿ ತೆರೆದು ನಕ್ಕ. ವಿಜಯ್‌ಕುಮಾರ್ ಹಿಂದಕ್ಕೆ ಓಡಿಸಿ ಮತ್ತೆ ನೋಡಿದ. ಎರಡು ಸೆಕೆಂಡು. ಆಮೇಲೆ ನಗು. ಅಲ್ಲೇ ನಿಲ್ಲಿಸಿ ಹೊರಗೆ ಹೋಗಿ ಫೋನ್ ಮಾಡಿದ.

“ಅಪ್ಪ, ನಿನ್ನೆ ಭಾಷಣಕ್ಕೆ ಹೋಗಿದ್ರಾ?”

“ಪಾರ್ಟಿ ಕಡೆ ಬಸವರಾಜು ಕರೆದ. ಕುರ್ಚಿ ಹಾಕ್ಸಿದ್ದ, ಕೂತ್ಕಂಡೆ.”

“ಏನಂದ್ರು?”

“ಮೈಕು ಸರಿಯಾಗಿರ್ನಿಲ್ಲ ಕಣಪ್ಪ. ಏನೂ ಕೇಳಿಸ್ನಿಲ್ಲ.”

ಮೈಕು ಚೆನ್ನಾಗಿತ್ತು. ಯಾರೋ ಕೆಮ್ಮಿದ್ದೂ ಕೇಳಿಸಿತ್ತು.

“ಜನ ನಕ್ಕರಂತೆ?”

“ನಗೋರು ನಗ್ತಾರೆ. ಊಟ ಆಯ್ತಾ ನಿಂದು?”

ಅವನು ಒಳಗೆ ಬಂದಾಗ ವೆಂಕಟಸುಬ್ಬಯ್ಯ ಪೆನ್ನು ಹಿಡಿದು ಕೂತಿದ್ದರು.

“ಐದನೇ ಕಲಂ ಏನ್ ಹಾಕ್ಲಿ?”

“ಬಣ್ಣದ ಮಾತು ಬರುತ್ತೆ ಸರ್.”

“ಜಾತಿ ಹೆಸರು ಎತ್ತಿದಾರಾ?”

“ಇಲ್ಲ.”

“ಬರೀ ಬಣ್ಣ ಅಂದ್ರೆ ಜನಾಂಗ ಆಗುತ್ತೇನ್ರೀ? ಹಾಗಾದ್ರೆ ನಮ್ಮನೇಲೇ ಮೂರು ಜನಾಂಗ ಇವೆ. ನಮ್ಮ ಹೆಂಡ್ತೀದು ಬೇರೇನೇ.”

ವಾಗೀಶ ನಕ್ಕ. ವಿಜಯ್‌ಕುಮಾರ್ ವಾಗೀಶನ ಕಡೆ ನೋಡಿದ, ವೆಂಕಟಸುಬ್ಬಯ್ಯನವರ ಕಡೆ ನೋಡಿದ. ಆಮೇಲೆ ತಾನೂ ನಕ್ಕ.

“ತಮಾಷೆಗಂದೆ ಕಣ್ರೀ. ನೋಡಿದೋರು ನೀವು. ಹೌದು ಅಂದ್ರೆ ಹೌದು ಅಂತ್ಲೇ ಬರೀತೀನಿ.”

ಹೌದು ಎಂದರೆ ಆ ಮಾತು ಸಿಕ್ಕಿಬೀಳುತ್ತದೆ. ಅದರ ಹಿಂದೆಯೇ ಅಪ್ಪನ ನಗುವೂ ಮನೆಮನೆಯ ಟಿವಿಗೆ ಬರುತ್ತದೆ. ಪರದೆಯ ಮೇಲೆ ಅಪ್ಪನ ಬಾಯಿ ತೆರೆದೇ ಇತ್ತು.

“ಇಲ್ಲ ಅಂತ ಹಾಕಿ ಸರ್.”

ವೆಂಕಟಸುಬ್ಬಯ್ಯ ಹಾಕಿದರು. ವಾಗೀಶ ಆಕಳಿಸುತ್ತ ಕಾರ್ಡ್ ಅಳಿಸಿದ. ಕುರ್ಚಿಗಳೆಲ್ಲ ಒಂದೇ ಸಲ ಇಲ್ಲವಾದವು.

ಹೋದದ್ದು ಇಷ್ಟು: ನಲವತ್ತೊಂದು ನಿಮಿಷದ ಒಂದು ಭಾಷಣ. ಅದರೊಳಗೆ, ಅಪ್ಪ ನಗದೆ ಕೂತಿದ್ದ ಎರಡು ಸೆಕೆಂಡು.